ಹಿಂದಿನ ಸೀಟಿನ ಕ್ಯಾಮೆರಾ

"ಆ... ಆ... ಆಕ್ಷೀ!"

ಸೀನಿದ್ದು ಟೀವಿ. ರಾಣೇಬೆನ್ನೂರಿನ ಚಾಂದಸಾಬನ ಸ್ಟುಡಿಯೋದಲ್ಲಿ, ಫೋಟೋ ತೆಗೆಯುವ ನೀಲಿ ಪರದೆಯ ಪಕ್ಕದಲ್ಲಿದ್ದ ಟೀವಿಯೊಳಗೆ ಆಕಾಶ ಒಮ್ಮೆ ಚಂಗನೆ ಹಾರಿತು. ಒಂದು ಲಾರಿಯ ಗಾಲಿ ಕಂಡಿತು. ಆಮೇಲೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಗೋಡೆ ನಿಧಾನವಾಗಿ ತನ್ನ ಜಾಗಕ್ಕೆ ಬಂದು ನಿಂತಿತು.

ಮಹಾಂತೇಶ: ಮತ್ತ ಸೀನಿದಿ ನೋಡು! ಚಾಂದಸಾಬರ, ನೀವ ಹೇಳ್ರಿ. ರಸ್ತೆ ಸೀದಾ ಐತಿ, ಗಾಡಿ ಸೀದಾ ಐತಿ, ಈಕಿ ಸೀನಿಗೆ ಇಡೀ ಬ್ಯಾಡಗಿ ಜಿಗದಾಡಾಕತ್ತೈತಿ.

ನಿರ್ಮಲಾ: ಸೀನು ನನ್ನ ಕೇಳಿ ಬರತೈತೇನ್ರಿ? ಮೆಣಸಿನಕಾಯಿ ಸುಗ್ಗಿಯೊಳಗ ಪೇಟಿ ಮುಂದ ಗಾಡಿ ಒಯ್ದವರು ಯಾರು?

ಮಹಾಂತೇಶ: ನೀ ಬ್ಯಾಡಗಿಗೆ ಬಂದು ಆರು ವರ್ಷ ಆತು. ನಮ್ಮೂರಾಗ ನಾಯಿ ಸುದ್ದಾ ಸೀನಂಗಿಲ್ಲ.

ನಿರ್ಮಲಾ: ಹಂಗಾರ ಮುಂದಿನ ರವಿವಾರ ಕ್ಯಾಮೆರಾ ನಾಯಿ ಕೈಯಾಗ ಕೊಡ್ರಿ.

ಬೆಂಚಿನ ಮೇಲೆ ಕುಳಿತಿದ್ದ ಪ್ರೇಮವ್ವ ಕಿಸಕ್ಕನೆ ನಕ್ಕಳು. ಆಕೆ ಬಂದಿದ್ದು ಒಂದು ಸಣ್ಣ ಫೋಟೋ ತೆಗೆಸಿಕೊಳ್ಳಲಿಕ್ಕೆ. ಮುಖಕ್ಕೆ ಪೌಡರ್ ಬಳಿದುಕೊಂಡು, ತಲೆ ತೀಡಿಕೊಂಡು ತಯಾರಾಗಿ ಕುಳಿತು ಬಹಳ ಹೊತ್ತಾಗಿತ್ತು. ಆದರೆ ಈಗ ಆಕೆಗೆ ಅವಸರವಿದ್ದಂತೆ ಕಾಣಲಿಲ್ಲ.

ಮಹಾಂತೇಶನಿಗೆ, ಪೂರ್ತಿ ಹೆಸರು ವಿಜಯಮಹಾಂತೇಶ, ಬ್ಯಾಡಗಿಯಲ್ಲಿ ಗೋಣಿಚೀಲದ ಅಂಗಡಿ. ವಾರವೆಲ್ಲ ಚೀಲ ಎಣಿಸುವ ಅವನು ರವಿವಾರ ಬಂದರೆ ಬುಲೆಟ್ ಗಾಡಿ ಏರಿ, ಹಾವೇರಿಯ ಗೆಳೆಯರನ್ನು ಕೂಡಿಕೊಂಡು ಎತ್ತಲೋ ಒಂದು ಕಡೆ ಹೋಗಿಬಿಡುತ್ತಿದ್ದ. ಹಾವೇರಿಯ ಕೇಬಲ್‌ನವನು, "ನಿಮ್ಮ ತಿರುಗಾಟದ ವೀಡಿಯೋ ಮಾಡಿ ಕೊಡ್ರಿ, ಅರ್ಧ ತಾಸು ಊರಿಗೆಲ್ಲ ತೋರಸ್ತೀನಿ" ಅಂದದ್ದೇ ತಡ, ಅವನಿಗೆ ಕ್ಯಾಮೆರಾದ ಹುಚ್ಚು ಹತ್ತಿತು. ಪರೀಕ್ಷೆಗೆಂದು ಚಾಂದಸಾಬನಿಂದ ಒಂದು ಕ್ಯಾಮೆರಾ ಬಾಡಿಗೆ ಒಯ್ದ. ಹಿಂದೆ ಕುಳಿತು ಹಿಡಿಯಬೇಕಾಗಿದ್ದ ಗೆಳೆಯ ಆವತ್ತು ಯಾರದೋ ಲಗ್ನಕ್ಕೆ ಹೋಗಿಬಿಟ್ಟ. ಆಗ ಹೆಂಡತಿಯ ಕಡೆ ತಿರುಗಿ, "ಹೋಗ್ಲಿ, ನೀನ ಬಾ" ಅಂದಿದ್ದ.

ಆ 'ಹೋಗ್ಲಿ'ಯನ್ನು ನಿರ್ಮಲಾ ಅಂದೇ ಮಾಫಿ ಮಾಡಿದ್ದಳು. ಮೋಟೆಬೆನ್ನೂರು ದಾಟಿ ನಾಲ್ಕು ಸಾಲಿನ ಹೊಸ ರಸ್ತೆಗೆ ಗಾಡಿ ಹತ್ತಿದಾಗ ಗಾಳಿ ಅವಳ ಕಿವಿಯಲ್ಲಿ ಏನೋ ಹೇಳತೊಡಗಿತ್ತು. ಮೇಡ್ಲೇರಿಯ ಹತ್ತಿರ ಹೊಳೆ ಕಂಡಾಗ ಅವಳು ಕ್ಯಾಮೆರಾವನ್ನೇ ಮರೆತಿದ್ದಳು. ಮನೆಗೆ ಬಂದು ರೊಟ್ಟಿ ಬಡಿಯುವಾಗಲೂ ಗಾಡಿ ತಿರುವಿನಲ್ಲಿ ವಾಲಿದಂತೆ ಒಂದು ಕಡೆಗೆ ವಾಲುತ್ತಿದ್ದಳು. ಈಗ ಗಂಡ ಹ್ಯಾಂಡಲ್ಲಿಗೆ ಕ್ಯಾಮೆರಾ ಕೂಡ್ರಿಸುವ ಸ್ಟ್ಯಾಂಡ್ ಹಾಕಿಸುತ್ತೇನೆ ಅನ್ನುತ್ತಿದ್ದಾನೆ. ಸ್ಟ್ಯಾಂಡು ಬಂದರೆ ಕ್ಯಾಮೆರಾ ಹಿಡಿಯುವವರು ಬೇಕಿಲ್ಲ. ಹಿಡಿಯುವವರು ಬೇಡವಾದರೆ ಹಿಂದಿನ ಸೀಟು ಮತ್ತೆ ಖಾಲಿ, ರವಿವಾರ ಮತ್ತೆ ರೊಟ್ಟಿ. ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ಅವಳಿಗೆ ಮನಸ್ಸಿಲ್ಲ. ಅದಕ್ಕೇ "ನಾನೂ ಬರ್ತೇನಿ" ಎಂದು ಹಟ ಹಿಡಿದು ಸ್ಟುಡಿಯೋಕ್ಕೆ ಬಂದಿದ್ದಳು. ಬರುವಾಗ ಬಸ್ಸಿನಲ್ಲಿ ಬಂದಿರಲಿಲ್ಲ, ಗಾಡಿಯ ಹಿಂದೆ ಕುಳಿತೇ ಬಂದಿದ್ದಳು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮಹಾಂತೇಶ: ಸೀನು ಹಾಳಾಗ್ಲಿ. ಚಾಂದಸಾಬರ, ಇನ್ನೊಂದು ಗಮನಿಸಿರೇನು? ಇಡೀ ಕ್ಯಾಸೆಟ್ಟಿನಾಗ ಬರೇ ಎಡಗಡೆ ಐತಿ. ಬಲಗಡೆ ಅನ್ನೂದು ಇಲ್ಲೇ ಇಲ್ಲ. ಮುಂದಿನ ರಸ್ತೆ ಇಲ್ಲ. ಬರೇ ಎಡಗಡೆ ಹೊಲ, ಎಡಗಡೆ ಅಂಗಡಿ, ಎಡಗಡೆ ಎಮ್ಮಿ.

ಚಾಂದಸಾಬ: ನಾನೂ ಅದನ್ನ ಕೇಳಬೇಕಂತಿದ್ದೆ. ಅಕ್ಕಾರ, ಯಾಕ ಹಂಗ?

ನಿರ್ಮಲಾ: ಸೀರಿ ಉಟ್ಟಾಕಿ ಗಾಡಿ ಮ್ಯಾಲ ಹೆಂಗ ಕುಂದ್ರತಾಳ್ರಿ? ಎಡಕ್ಕ ಕಾಲ ಬಿಟ್ಟು ಕುಂದ್ರತಾಳ. ಎಡಕ್ಕ ಕುಂತಾಕಿಗೆ ಎಡಗಡೆನ ಕಾಣತೈತಿ. ಬಲಗಡೆ ನೋಡಾಕ ನನ್ನ ಬೆನ್ನಾಗ ಕಣ್ಣದಾವೇನು?

ಮಹಾಂತೇಶ: ಅರ್ಧಾ ರಸ್ತೆ ತೋರಿಸಿದ್ರ ಕೇಬಲ್‌ನವ ನಗಂಗಿಲ್ಲೇನ?

ನಿರ್ಮಲಾ: ಯಾಕ ಅರ್ಧಾ? ಹೋಗೂ ಮುಂದ ಒಂದು ಕಡೆ ತಗದೇನಿ. ಬರೂ ಮುಂದ ಇನ್ನೊಂದು ಕಡೆ ತಗದೇನಿ. ಎರಡೂ ಕೂಡಿಸಿದ್ರ ಪೂರ್ತಿ ರಸ್ತೆ ಆತಲ್ಲ.

ಚಾಂದಸಾಬ ಎಡಗೈಯನ್ನು ಒಂದು ದಿಕ್ಕಿಗೆ, ಬಲಗೈಯನ್ನು ಇನ್ನೊಂದು ದಿಕ್ಕಿಗೆ ಚಾಚಿ, ಗಾಳಿಯಲ್ಲಿ ಮೇಡ್ಲೇರಿಗೆ ಹೋಗಿ ಬಂದ.

ಚಾಂದಸಾಬ: ಸಾವಕಾರ್ರ, ಅಕ್ಕಾರು ಹೇಳೂದು ಬರೋಬರಿ ಐತಿ.

ಮಹಾಂತೇಶ: ನೀವು ಯಾರ ಕಡೆ ಅದೀರಿ?

ಚಾಂದಸಾಬ: ನಾ ಎಡಗಡೆ ಅದೀನ್ರಿ.

ಟೀವಿಯಲ್ಲಿ ಈಗ ಒಂದು ಕಬ್ಬಿನ ಗದ್ದೆ ಓಡುತ್ತಿತ್ತು. ಚಿತ್ರದ ಬಲ ಅಂಚಿನಿಂದ ಒಂದು ಮೂಗು ಮತ್ತು ಅರ್ಧ ಮೀಸೆ ಇಣುಕಿ, ಮಾಯವಾದವು. ಗದ್ದೆ ಮುಗಿದು ಹುಣಸೆ ಮರಗಳು ಬಂದವು. ಮತ್ತೆ ಮೂಗು, ಮತ್ತೆ ಅರ್ಧ ಮೀಸೆ.

ನಿರ್ಮಲಾ: ನನ್ನ ತಪ್ಪ ಅಷ್ಟ ಹೇಳ್ತೀರಿ. ಇದು ಯಾರ ಮೂಗು? ಘಳಿಗಿಗೊಮ್ಮಿ ಅಡ್ಡ ಬಂದು ಚಿತ್ರ ಕೆಡಿಸಿದವರು ನೀವು. ಟೀವಿಯಾಗ ಮುಖ ಕಾಣಬೇಕಂತ ಹೆಲ್ಮೆಟ್ ಮನ್ಯಾಗ ಇಟ್ಟು ಬಂದ್ರಿ. ಕಂಡಿದ್ದೇನು? ಅರ್ಧಾ ಮೀಸಿ.

ಮಹಾಂತೇಶ: (ತುಸು ತಡವರಿಸಿ) ಅದು... ಸುಮ್ಮ ತಿರುಗಿ ನೋಡಿದ್ನೆಪಾ.

ನಿರ್ಮಲಾ: ಏನ ನೋಡಿದ್ರಿ?

ಮಹಾಂತೇಶ: ಕ್ಯಾಮೆರಾ ಸರಿ ಹಿಡದೀಯೋ ಇಲ್ಲೋ ಅಂತ.

ಆ ಉತ್ತರ ನಿರ್ಮಲಾಳಿಗೆ ಸೇರಲಿಲ್ಲ. ಇವರಿಗೆ ಚಿಂತೆ ಕ್ಯಾಮೆರಾದ್ದೇ ಅಂದುಕೊಂಡಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಜಗಳವನ್ನು ಮೊದಲಿನಿಂದ ಶುರು ಮಾಡುವವಳಂತೆ ಕುರ್ಚಿಯನ್ನು ಮುಂದೆ ಎಳೆದುಕೊಂಡಳು.

ನಿರ್ಮಲಾ: ಚಾಂದಸಾಬರ, ನಿಮ್ಮ ಹತ್ರ ಏನೇನ ಸಾಮಾನ ಅದಾವ, ಒಂದೊಂದ ತೋರಸ್ರಿ. ಸ್ಟ್ಯಾಂಡ್ ಮಾತು ಆಮ್ಯಾಲ.

ಚಾಂದಸಾಬನಿಗೆ ಇಂಥ ಮಾತು ಬೇಕಾಗಿತ್ತು. ಕಪಾಟಿನಿಂದ ಕೂಸನ್ನು ಎತ್ತಿದಂತೆ ಒಂದು ದೊಡ್ಡ ಕ್ಯಾಮೆರಾ ಎತ್ತಿಕೊಂಡು ಬಂದ.

ಚಾಂದಸಾಬ: ಇದು ಹೆಗಲ ಮ್ಯಾಲ ಇಡೂದು. ಈ ತಾಲೂಕಿನಾಗ ಎಷ್ಟು ಲಗ್ನ ಆಗ್ಯಾವ ಅಷ್ಟಕ್ಕೂ ಇದೇ ಸಾಕ್ಷಿ. ದೊಡ್ಡ ಕ್ಯಾಸೆಟ್ಟು. ಇದನ್ನ ಕಂಡ್ರ ಮಂದಿ ತಾವ ದಾರಿ ಬಿಡ್ತಾರ.

ಮಹಾಂತೇಶ: ಇದನ್ನ ಹೊತ್ತ ಗಾಡಿ ಹೊಡದ್ರ ಚೀಲ ಹೇರಿದಂಗ ಆಕ್ಕೈತಿ. ವಾರೆಲ್ಲಾ ಅದನ್ನ ಮಾಡ್ತೀನಿ. ರವಿವಾರನೂ ಅದೇ ಏನು?

ನಿರ್ಮಲಾ: ಹಿಂದ ಒಬ್ಬರು ಗಟ್ಟಿಮುಟ್ಟಾದವರು ಕುಂತ್ರ ನಡಿಯೂದಿಲ್ಲೇನ್ರಿ, ಚಾಂದಸಾಬರ?

ಚಾಂದಸಾಬ: ನಡೀತೈತ್ರಿ! ಎರಡೂ ಕೈಲೆ ಹಿಡೀಬೇಕು ಅಷ್ಟ.

ನಿರ್ಮಲಾ: ಇದೇ ಇರ್ಲಿ.

ಮಹಾಂತೇಶ: ಏ ಬ್ಯಾಡ! ಎರಡೂ ಕೈ ಅಂದ್ರ ಬ್ಯಾಡ. ಮುಂದಿಂದ ತೋರಸ್ರಿ.

ಎರಡು ಕೈ ಅಂದ ಕೂಡಲೆ ಇವರಿಗೇಕೆ ಇಷ್ಟು ಸಿಟ್ಟು ಬಂತು ಎಂದು ನಿರ್ಮಲಾಳಿಗೆ ತಿಳಿಯಲಿಲ್ಲ. ಚಾಂದಸಾಬ ಎರಡನೆಯದನ್ನು ತಂದಿಟ್ಟ. ಅದು ಬೆರಳುದ್ದದ್ದು.

ಚಾಂದಸಾಬ: ಬ್ಯಾಂಕಿನಾಗ ಮೂಲಿಗೆ ಹಾಕಿರ್ತಾರಲ್ಲ, ಅಂಥಾದು. ಇದನ್ನ ಹೆಲ್ಮೆಟ್ಟಿಗೆ ಪಟ್ಟಿ ಸುತ್ತಿ ಕೂಡ್ರಸೂದು. ವೈರು ಬೆನ್ನ ಹಿಂದ ಚೀಲಕ್ಕ ಬರತೈತಿ. ಚೀಲದಾಗಿನ ಕ್ಯಾಮೆರಾ ಚಿತ್ರಾನ ಕ್ಯಾಸೆಟ್ಟಿಗೆ ತುಂಬಿಕೊಳ್ಳತೈತಿ. ನೀವು ಎತ್ತ ನೋಡ್ತೀರಿ, ಅದು ಅತ್ತ ನೋಡತೈತಿ.

ಮಹಾಂತೇಶ: ಹಾಂ! ಇದು ಚಲೋ ಐತಿ. ಕೈ ಎಲ್ಲಾ ಖಾಲಿ.

ನಿರ್ಮಲಾ: ಎತ್ತ ನೋಡ್ತಾರ ಅಂತ ನಿಮಗ ಗೊತ್ತೇನ್ರಿ? ಬ್ಯಾಡಗಿಯಿಂದ ಇಲ್ಲೀತನಕ ಎಷ್ಟು ಗ್ಯಾರೇಜ್ ಅದಾವ, ಅಷ್ಟೂ ಕಡೆ ಇವರ ಕುತ್ತಿಗಿ ತಿರಗತೈತಿ. ಎದುರಿಗೆ ಬುಲೆಟ್ ಬಂದ್ರ ಅದು ಊರ ದಾಟೂತನಕ ನೋಡ್ತಾರ. ಇನ್ನ ಮೊನ್ನಿಯಂಗ ಹಿಂದಕ್ಕ ತಿರುಗಿ ನೋಡಿದ್ರ ಟೀವಿಯಾಗ ರಸ್ತೆ ಬರಂಗಿಲ್ಲ, ನನ್ನ ಮುಖ ಬರತೈತಿ.

ಪ್ರೇಮವ್ವ: ಬರ್ಲಿ ಬಿಡವಾ. ಮುಖ ಚಲೋ ಐತಿ.

ನಿರ್ಮಲಾಳಿಗೆ ನಗು ಬಂತು, ಆದರೆ ಹಿಡಿದುಕೊಂಡಳು. ಸೋಲುವ ಹೊತ್ತಲ್ಲ ಇದು.

ಚಾಂದಸಾಬ: ಹಂಗಾದ್ರ ಮೊನ್ನೆ ಒಯ್ದ ಸಣ್ಣ ಕ್ಯಾಸೆಟ್ಟಿಂದೇ ತಗೋರಿ. ಕ್ಯಾಮೆರಾ ಅಂದ್ರ ಅರ್ಧಾ ಕೆಲಸ, ಸಾವಕಾರ್ರ. ಉಳಿದ ಅರ್ಧಾ ಮಿಕ್ಸಿಂಗಿನಾಗ ಐತಿ. ನಿಮ್ಮ ಕ್ಯಾಸೆಟ್ ನಿನ್ನೆ ನನ್ನ ಕಂಪ್ಯೂಟರಿಗೆ ಇಳಿಸ್ಕೊಂಡು ಸ್ವಲ್ಪ ಮಿಕ್ಸಿಂಗ್ ಮಾಡೇನಿ. ನೋಡ್ರಿ, ಕಣ್ಣಾಗ ನೀರು ಬರ್ತಾವ.

ಅವನು ಒಂದು ಗುಂಡಿ ಒತ್ತಿದ. ಟೀವಿಯಲ್ಲಿ ಶಹನಾಯಿ ಮೊಳಗಿತು. ಗುಲಾಬಿ ಪಕಳೆಗಳು ಮೇಲಿನಿಂದ ಉದುರಿದವು. ಅವುಗಳ ನಡುವೆ ಹೃದಯದಾಕಾರದ ಒಂದು ಚೌಕಟ್ಟು ಗರಗರ ತಿರುಗುತ್ತ ಬಂದು ನಿಂತಿತು. ಒಳಗೆ ಹೊರಡುವ ಮೊದಲು ತೆಗೆದ ಬುಲೆಟ್ ಗಾಡಿ. ಕೆಳಗೆ ಬಂಗಾರದ ಅಕ್ಷರಗಳಲ್ಲಿ: 'ವಿಜಯಮಹಾಂತೇಶ ವೆಡ್ಸ್ ಬುಲೆಟ್'.

ಮಹಾಂತೇಶ ಟೀವಿಯ ಹತ್ತಿರ ಬಗ್ಗಿ ಆ ಅಕ್ಷರಗಳನ್ನು ಇನ್ನೊಮ್ಮೆ ಓದಿದ. ಶಹನಾಯಿ ನುಡಿಯುತ್ತಲೇ ಇತ್ತು.

ಮಹಾಂತೇಶ: ಇದೇನ್ರಿ ಇದು?

ಚಾಂದಸಾಬ: ಟೈಟಲ್ಲು.

ಮಹಾಂತೇಶ: ನಾ ಗಾಡೀನ ಲಗ್ನ ಆಗೇನೇನ್ರಿ?

ಚಾಂದಸಾಬ: ಆ ನಡುವಿನ 'ವೆಡ್ಸ್' ಅಳಸಾಕ ಬರಂಗಿಲ್ಲರಿ. ಲಗ್ನದ ಮಿಕ್ಸಿಂಗಿನ ಸಿಡಿ ಹುಬ್ಬಳ್ಳಿಯಿಂದ ತರೂ ಮುಂದನ ಅದರಾಗ ಗಟ್ಟಿ ಕುಂತು ಬಂದೈತಿ. ಈ ಕಡೆ ಒಂದು ಹೆಸರು, ಆ ಕಡೆ ಒಂದು ಹೆಸರು ಕೊಡದಿದ್ರ ಮಿಕ್ಸಿಂಗ್ ಮುಂದಕ್ಕ ಹೋಗೂದಿಲ್ಲ. ಆ ಕಡೆ ಯಾರ ಹೆಸರ ಹಾಕಲಿ ಅಂತ ವಿಚಾರ ಮಾಡಿದೆ. ಕ್ಯಾಸೆಟ್ಟಿನಾಗ ನಿಮ್ಮ ಜೋಡಿ ಕಂಡಿದ್ದು ಅದೊಂದ.

ನಿರ್ಮಲಾ: ತಪ್ಪೇನೂ ಇಲ್ಲ ಚಾಂದಸಾಬರ. ಖರೇನ ಬರದೀರಿ. ನನ್ನ ಮನಿ ತುಂಬಿಸ್ಕೊಳ್ಳೂಕಿಂತ ಒಂದು ತಿಂಗಳ ಮೊದಲ ಅದನ್ನ ತುಂಬಿಸ್ಕೊಂಡಿದ್ರು. ಆರತಿ ಮಾಡಿ, ನಿಂಬಿಹಣ್ಣ ಗಾಲಿ ಕೆಳಗ ಇಟ್ಟು. ಹಿರೇ ಹೆಂತಿ ಅದು. ನಾ ಸಣ್ಣಾಕಿ.

ಮಹಾಂತೇಶ: ಏ, ಮಂದಿ ಮುಂದ ಏನೇನರ ಅಂತಿ!

ಪ್ರೇಮವ್ವ: ನಾನೇನ ಮಂದಿ ಅಲ್ಲಪಾ. ಹೇಳ್ಲಿ ಬಿಡು.

ಮಹಾಂತೇಶ: ಚಾಂದಸಾಬರ, ಹೂ ಬ್ಯಾಡ, ಶಹನಾಯಿ ಬ್ಯಾಡ. ನನಗ ಗಾಡಿ ಸಪ್ಪಳ ಬೇಕು, ರಸ್ತೆ ಬೇಕು. ಇಲ್ಲಾಂದ್ರ ಹೇಳ್ರಿ, ನಾನ ಒಂದು ಕಂಪ್ಯೂಟರ್ ತಂದು ಮನ್ಯಾಗ ಮಿಕ್ಸಿಂಗ್ ಮಾಡ್ತೀನಿ.

ನಿರ್ಮಲಾ: ಹಿರೇದು ಹೊರಗ ನಿಂತೈತಿ, ಸಣ್ಣಾಕಿ ಒಳಗ ಕುಂತಾಳ. ಮೂರನೇದು ತಂದ್ರ ನಮ್ಮ ಮನ್ಯಾಗ ಜಾಗ ಇಲ್ಲ.

ಚಾಂದಸಾಬ ಪಕಳೆಗಳನ್ನು ನಿಲ್ಲಿಸಿದ. ಅವನ ಮುಖದಲ್ಲಿ ತುಸು ನೋವಿತ್ತು. ಒಂದೊಂದು ಪಕಳೆಯನ್ನೂ ಅವನು ಮನಸ್ಸಿಟ್ಟು ಉದುರಿಸಿದ್ದ. ಮತ್ತೆ ಹಳೆಯ ಕ್ಯಾಸೆಟ್ಟೇ ಓಡತೊಡಗಿತು. ಎಡಗಡೆಯ ಹೊಲ, ಎಡಗಡೆಯ ದನ, ಎಡಗಡೆಯ ಸೈಕಲ್ ಅಂಗಡಿ. ಇದ್ದಕ್ಕಿದ್ದಂತೆ ಟೀವಿಯಿಂದ ದಡಲ್ ಎಂದು ಒಂದು ಸಪ್ಪಳ. "ಅಯ್ಯಯ್ಯವ್ವಾ!" ಎಂಬ ಕೂಗು. ನೆಲ, ಚಪ್ಪಲಿ, ಆಕಾಶ, ಸೀರೆಯ ಅಂಚು ಒಂದರ ಮೇಲೊಂದು ಬಿದ್ದವು. ಆಮೇಲೆ ಚಿತ್ರ ಗಟ್ಟಿಯಾಗಿ, ಒಂದಿಷ್ಟೂ ಅಲುಗದೆ ನಿಂತಿತು.

ಮಹಾಂತೇಶ: ನಿಲ್ಲಸ್ರಿ! ಅಲ್ಲೇ ನಿಲ್ಲಸ್ರಿ. ಇದು ಮೇಡ್ಲೇರಿ ದಾರಿ ಹಂಪು. ನೋಡ್ರಿ ಇದನ್ನ!

ನಿರ್ಮಲಾ: ನೋಡ್ರಿ ಮತ್ತ. ಅಂಥಾ ಹಂಪಿನಾಗೂ ಕ್ಯಾಮೆರಾ ಬಿಟ್ಟಿಲ್ಲ. ಎರಡೂ ಕೈಲೆ ಎದಿಗೆ ಅಪ್ಪಿ ಹಿಡದೆ. ನಿಮ್ಮ ಸ್ಟ್ಯಾಂಡ್ ಹಿಡೀತಿತ್ತೇನ ಹಿಂಗ?

ಮಹಾಂತೇಶ: ಅದನ್ನ ನಾ ಹೇಳಾಕತ್ತೀನಿ! ಸೀಟಿನಿಂದ ಮ್ಯಾಲ ಹಾರಿದ್ದಿ ನೀ. ಗೇಣ ಮ್ಯಾಲ! ಬಿದ್ದಿದ್ರ?

ನಿರ್ಮಲಾ: ಬಿದ್ರೂ ಕ್ಯಾಮೆರಾ ಬಿಡ್ತಿರ್ಲಿಲ್ಲ. ಬಾಡಿಗಿ ಸಾಮಾನ ಅದು.

ಮಹಾಂತೇಶ: ಅದಕ್ಕ ಸ್ಟ್ಯಾಂಡ್ ಬೇಕು ಅನ್ನೂದು!

ನಿರ್ಮಲಾ: (ಧ್ವನಿ ಇಳಿಸಿ) ತಿಳೀತ್ರಿ. ಸ್ಟ್ಯಾಂಡ್ ಸೀನೂದಿಲ್ಲ. ಎಡಕ್ಕ ಕುಂದ್ರೂದಿಲ್ಲ. ಅಯ್ಯವ್ವಾ ಅನ್ನೂದಿಲ್ಲ. ಸ್ಟ್ಯಾಂಡ್ ಹಾಕಸ್ರಿ. ಹಿಂದಿನ ಸೀಟ ಹಗುರ ಆಕ್ಕೈತಿ. ಹಾವೇರಿಯವರ ಜೋಡಿ ಬ್ಯಾಗ ಕಟ್ಕೊಂಡ ಹೋಗ್ರಿ.

ಹೇಳಬಾರದೆಂದು ಬ್ಯಾಡಗಿಯಿಂದ ಇಲ್ಲಿಯವರೆಗೆ ಗಂಟು ಕಟ್ಟಿಕೊಂಡು ಬಂದ ಮಾತು ತಾನಾಗಿ ಬಿಚ್ಚಿಕೊಂಡಿತ್ತು. ನಿರ್ಮಲಾ ನೀಲಿ ಪರದೆಯ ಕಡೆ ಮುಖ ತಿರುಗಿಸಿಕೊಂಡಳು. ಚಾಂದಸಾಬ ನಿಲ್ಲಿಸಿದ್ದ ಕ್ಯಾಸೆಟ್ಟನ್ನು ಮತ್ತೆ ಓಡಬಿಟ್ಟು, ಕ್ಯಾಮೆರಾದ ಗಾಜನ್ನು ಸುಮ್ಮನೆ ಒರೆಸಿದ.

ಚಾಂದಸಾಬ: ಸಾವಕಾರ್ರ, ಒಂದು ಮಾತು ಕೇಳ್ತೀನಿ. ಸ್ಟ್ಯಾಂಡ್ ಹಾಕಸಿದ್ರ ಹಿಂದಿನ ಸೀಟು ಯಾರಿಗೆ?

ಮಹಾಂತೇಶ: ಯಾರಿಗೆ ಅಂದ್ರ? ಈಕಿಗೇ! ಮತ್ತ ಇನ್ಯಾರಿಗೆ?

ನಿರ್ಮಲಾ: ನಾ ಯಾಕ? ಹಿಡಿಯಾಕ ಕ್ಯಾಮೆರಾ ಇಲ್ಲ, ಮಾಡಾಕ ಕೆಲಸ ಇಲ್ಲ. ಬರೇಕೈಲೆ ಹಿಂದ ಕುಂತು ಏನ ಹಿಡೀಲಿ?

ಮಹಾಂತೇಶ: ನನ್ನ ಹಿಡ್ಕೋ!

ಮಾತು ಬೇಕಾದ್ದಕ್ಕಿಂತ ಜೋರಾಗಿ ಬಂತು. ಬಾಗಿಲ ಹೊರಗೆ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು. ಮಹಾಂತೇಶನ ಕಿವಿ ಕೆಂಪಗಾದವು. ಆದರೆ ಗಾಡಿ ಒಮ್ಮೆ ಇಳಿಜಾರಿಗೆ ಬಿದ್ದ ಮೇಲೆ ಅವನಿಗೆ ಬ್ರೇಕು ಸಿಗಲಿಲ್ಲ.

ಮಹಾಂತೇಶ: ಮೇಡ್ಲೇರಿತನಕ ಒಂದು ಸಲೆ, ಒಂದ ಒಂದು ಸಲೆ ಹೆಗಲ ಮ್ಯಾಲ ಕೈ ಇಟ್ಟಿಯೇನು? ಎರಡೂ ಕೈ ಕ್ಯಾಮೆರಾಕ್ಕ. ಹಿಂದ ಅದೀಯೋ, ಎಲ್ಲೆರ ಬಿದ್ದೀಯೋ ಅಂತ ತಿರುಗಿ ತಿರುಗಿ ನೋಡಿ ನನ್ನ ಕುತ್ತಿಗಿ ಹಿಡಕೊಂಡೈತಿ. ಮೂರು ದಿನ ಆತು, ಎಣ್ಣಿ ಹಚ್ಕೊಳ್ಳಾಕತ್ತೀನಿ. ಯಾಕ ಅಂತ ಒಮ್ಮೆರ ಕೇಳಿದಿ?

ನಿರ್ಮಲಾ ಟೀವಿಯ ಕಡೆ ನೋಡಿದಳು. ಕ್ಯಾಸೆಟ್ಟು ಮತ್ತೆ ಓಡುತ್ತಿತ್ತು. ಬಲ ಅಂಚಿನಿಂದ ಮೂಗು ಬಂತು, ಅರ್ಧ ಮೀಸೆ ಬಂತು, ಈ ಸಲ ಒಂದು ಕಣ್ಣೂ ಬಂತು. ಆ ಕಣ್ಣು ಕ್ಯಾಮೆರಾವನ್ನು ನೋಡುತ್ತಿರಲಿಲ್ಲ. ಅದಕ್ಕಿಂತ ಸ್ವಲ್ಪ ಮೇಲೆ ನೋಡುತ್ತಿತ್ತು.

ನಿರ್ಮಲಾ: (ಮೆಲ್ಲಗೆ) ಹಾವೇರಿಯವರು?

ಮಹಾಂತೇಶ: ಅವರು ಅವರವರ ಗಾಡಿ ಮ್ಯಾಲ ಬರ್ತಾರ. ಅವರನ್ನ ನಾ ಹಿಂದ ಕೂಡ್ರಿಸ್ಕೊಂಡು ಏನ ಮಾಡ್ಲಿ?

ನಿರ್ಮಲಾ: ಇದನ್ನ ಮನ್ಯಾಗ ಹೇಳಾಕ ಏನಾಗಿತ್ತು?

ಮಹಾಂತೇಶ: ಸ್ಟ್ಯಾಂಡ್, ಸ್ಟ್ಯಾಂಡ್ ಅಂತ ಮೂರು ದಿನದಿಂದ ಹೇಳಾಕತ್ತೀನಲ್ಲ!

ಪ್ರೇಮವ್ವ: ಏ ತಮ್ಮಾ, ಹಿಡ್ಕೋ ಅನ್ನೂದಕ್ಕ ಸ್ಟ್ಯಾಂಡ್ ಅಂದ್ರ ಯಾವ ಹೆಣಮಗಳಿಗೆ ತಿಳೀತೈತೋ? ನಮ್ಮನಿಯವರು ಸೈಕಲ್ ಮ್ಯಾಲ ಕರ್ಕೊಂಡು ಹೋಗೂ ಮುಂದ ಬೇಕಂತನ ಕಲ್ಲಿನ ಮ್ಯಾಲ ಹಾಯಿಸ್ತಿದ್ರು. ಬಾಯಿ ಬಿಟ್ಟು ಅವರೂ ಹೇಳಿದವರಲ್ಲ. ಆದ್ರ ನನಗ ತಿಳೀತಿತ್ತು.

ಚಾಂದಸಾಬನಿಗೆ ಹುರುಪು ಬಂತು. ಸಣ್ಣ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಕಾಗದವೊಂದರಲ್ಲಿ ಗೀಟು ಎಳೆಯತೊಡಗಿದ.

ಚಾಂದಸಾಬ: ಹಂಗಾರ ಕೇಳ್ರಿ. ಸಣ್ಣ ಕ್ಯಾಸೆಟ್ಟಿನ ಕ್ಯಾಮೆರಾನ ಪಕ್ಕಾ. ವೆಲ್ಡಿಂಗ್‌ನವನ ಕಡೆ ಹ್ಯಾಂಡಲ್ಲಿಗೆ ಒಂದು ಕಬ್ಬಿಣದ ಪಟ್ಟಿ ಮಾಡಸೂಣು. ಅದರ ಕೆಳಗ ಟ್ರ್ಯಾಕ್ಟರ್ ಟ್ಯೂಬಿನ ರಬ್ಬರ್ ಕೊಟ್ರ ಬುಲೆಟ್ಟಿನ ನಡುಕ ಮ್ಯಾಲ ಏರೂದಿಲ್ಲ. ಮಿಕ್ಸಿಂಗ್ ನನಗ ಬಿಡ್ರಿ. ಹೂ ತಗೀತೀನಿ.

ಮಹಾಂತೇಶ: ಶಹನಾಯಿ?

ಚಾಂದಸಾಬ: ಶಹನಾಯೀನೂ ತಗೀತೀನಿ. ಒಂದೆರಡು ಪಕಳಿ ಇರ್ಲೇನ್ರಿ? ಹೊಳಿ ಬಂದಾಗ?

ಮಹಾಂತೇಶ: ಒಂದೂ ಬ್ಯಾಡ. ಪಟ್ಟಿ ಹ್ಯಾಂಡಲ್ಲಿಗೆ ಬ್ಯಾಡ, ಟಾಕಿ ಮ್ಯಾಲ ಕೂಡ್ರಸೂಣು.

ಚಾಂದಸಾಬ: ಟಾಕಿ ಮ್ಯಾಲ ಹಾಕಿದ್ರ ಪೆಟ್ರೋಲ್ ಹೆಂಗ ಹಾಕಸ್ತೀರಿ?

ಮಹಾಂತೇಶ: ಅದೂ ಖರೇ. ಹಂಗಾರ ಲೈಟಿನ ಮ್ಯಾಲ?

ಚಾಂದಸಾಬ: ಲೈಟಿನ ಮ್ಯಾಲ ಬಿಸಿಗೆ ಕ್ಯಾಸೆಟ್ ಕರಗತೈತ್ರಿ.

ಇಬ್ಬರ ತಲೆಗಳೂ ಕಾಗದದ ಮೇಲೆ ಬಾಗಿದವು. ನಿರ್ಮಲಾ ಎದ್ದಳು. ಮೇಜಿನ ಮೇಲಿದ್ದ ಗಾಡಿಯ ಕೀಲಿಯನ್ನು ಎತ್ತಿಕೊಂಡು, ಸೊಂಟದ ಸೆರಗನ್ನು ಬಿಡಿಸಿ ಹೆಗಲಿಗೆ ಸರಿಯಾಗಿ ಹೊದ್ದುಕೊಂಡಳು.

ನಿರ್ಮಲಾ: ಚಾಂದಸಾಬರ, ಆ ಸ್ಟ್ಯಾಂಡಿನ ಕ್ಯಾಮೆರಾ ಯಾವ ಕಡೆ ನೋಡತೈತಿ?

ಚಾಂದಸಾಬ: ಮುಂದಕ್ಕ, ಅಕ್ಕಾರ. ಬರೇ ರಸ್ತೆ.

ನಿರ್ಮಲಾ: ಹಿಂದಿನ ಸೀಟು?

ಚಾಂದಸಾಬ: ಹಿಂದಿಂದು ಒಂದಿಷ್ಟೂ ಬರೂದಿಲ್ಲ. ಕುಂತವರು ಯಾರು ಅಂತ ಸುದ್ದಾ ತಿಳಿಯೂದಿಲ್ಲ.

ನಿರ್ಮಲಾ: ಹಂಗಾರ ಹಾಕಸ್ರಿ.

ಮಹಾಂತೇಶ: ತಡೀ, ರಬ್ಬರ್ ಎಷ್ಟು ದಪ್ಪ ಬೇಕು ಅನ್ನೂದು ಇನ್ನೂ...

ನಿರ್ಮಲಾ ತಡೆಯಲಿಲ್ಲ. ಪ್ರೇಮವ್ವನ ಕೆನ್ನೆಯ ಮೇಲೆ ಗಡ್ಡೆಕಟ್ಟಿದ್ದ ಪೌಡರನ್ನು ಸೆರಗಿನ ಅಂಚಿನಿಂದ ಒಂದಿಷ್ಟು ಒರೆಸಿ, ಬಾಗಿಲ ಕಡೆ ನಡೆದಳು. ಹೊರಗೆ ಬಿಸಿಲಿನಲ್ಲಿ ಹಿರೇ ಹೆಂಡತಿ ಮಿಂಚುತ್ತ ನಿಂತಿತ್ತು. ಚಾಂದಸಾಬನಿಗೆ ಏನೋ ನೆನಪಾಗಿ ಧಡಕ್ಕನೆ ತಲೆಯೆತ್ತಿದ.

ಚಾಂದಸಾಬ: ಅಕ್ಕಾರ! ಒಂದು ಹೇಳೂದ ಮರ್ತೆ. ಚಿತ್ರ ಬರೂದಿಲ್ಲ ಖರೆ, ಆದ್ರ ಅದಕ್ಕ ಮೈಕ್ ಐತಿ. ಹಿಂದ ಆಡಿದ ಮಾತೆಲ್ಲಾ ಹಾವೇರಿಗೆ ಕೇಳತೈತ್ರಿ!

"ಮಾತು ಯಾರು ಆಡ್ತಾರ್ರಿ?" ಎಂದಳು ನಿರ್ಮಲಾ, ತಿರುಗಿ ನೋಡದೆ, ಮೆಟ್ಟಿಲು ಇಳಿಯುತ್ತ.